ಸ್ವೀಡನ್ನಿನ ಗೋಲು, ನನ್ನ ಮೀಸೆ

ಬಿಳಿ ಅಂಗಿ

ಮೊದಲ ಪಂದ್ಯದ ಅರ್ಧ ಗಂಟೆ ನಾನು ಎದುರಾಳಿ ತಂಡಕ್ಕೆ ಚಪ್ಪಾಳೆ ತಟ್ಟಿದೆ.

ಪಂದ್ಯ ಸ್ವೀಡನ್ನಿನಲ್ಲಿ. ನಾನು ದುಬೈ ಸಿಲಿಕಾನ್ ಓಯಸಿಸ್‌ನಲ್ಲಿ, ಮಗಳ ಮನೆಯ ಸೋಫಾದ ಮೇಲೆ. ಪಕ್ಕದಲ್ಲಿ ಎದುರುಮನೆಯವರು. ಅವರು ಸ್ವೀಡನ್ನಿನವರು. ನನ್ನದೇ ವಯಸ್ಸು. ಹೆಂಡತಿ ತೀರಿಕೊಂಡ ಮೇಲೆ ಇಲ್ಲಿ ಮಗನ ಜೊತೆ ಇದ್ದಾರೆ. ಎರಡು ವರ್ಷ ಒಂದೇ ಲಿಫ್ಟಿನಲ್ಲಿ ಹತ್ತಿ ಇಳಿದಿದ್ದೇವೆ. ಅವರು ‘ಹಾಟ್’ ಅನ್ನುತ್ತಿದ್ದರು. ನಾನು ‘ಯೆಸ್’ ಅನ್ನುತ್ತಿದ್ದೆ. ಅಷ್ಟರಲ್ಲಿ ನೆಲಮಹಡಿ ಬರುತ್ತಿತ್ತು.

ಸೆಪ್ಟೆಂಬರಿನಲ್ಲಿ ಒಂದು ಸಂಜೆ ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದು ಬೆಲ್ ಮಾಡಿದರು. ಅವರ ಮನೆಯ ಟಿವಿ ಕೆಟ್ಟಿತ್ತು. ಮೊಮ್ಮಗಳ ಪಂದ್ಯವಿತ್ತು. ನಮ್ಮ ಟಿವಿಗೆ ಹಾಕಬಹುದೇ ಎಂದು ಕೇಳಿದರು. ಹಾಕಿ ಅಂದೆ.

ಆಟದ ಹೆಸರು ಹ್ಯಾಂಡ್‌ಬಾಲ್. ಕೈಯಲ್ಲಿ ಆಡುವ ಫುಟ್‌ಬಾಲ್ ಅಂದುಕೊಳ್ಳಿ. ಸೂರಿನ ಕೆಳಗೆ ಆಡುತ್ತಾರೆ. ಒಂದು ಕಡೆಗೆ ಏಳು ಜನ. ಮೊಮ್ಮಗಳು ಸ್ವೀಡನ್ನಿನ ಹೆಂಗಸರ ದೊಡ್ಡ ಲೀಗಿನಲ್ಲಿ ಗೋಲ್‌ಕೀಪರ್. ಅವಳ ತಂಡ ಸಣ್ಣದು.

“ಹನ್ನೆರಡು ತಂಡ ಇವೆ,” ಅಂದರು ಎದುರುಮನೆಯವರು. “ಕೊನೆಯದು ಕೆಳಗಿನ ಲೀಗಿಗೆ ಬೀಳುತ್ತದೆ. ಬಿದ್ದರೆ ಕ್ಲಬ್ಬಿನವರು ಇವಳನ್ನು ಇಟ್ಟುಕೊಳ್ಳುವುದಿಲ್ಲ. ಇವಳಿಗೆ ಬೇರೆ ಕೆಲಸ ಬರುವುದಿಲ್ಲ.”

ಎರಡು ವರ್ಷದಲ್ಲಿ ಅವರು ನನ್ನ ಹತ್ತಿರ ಆಡಿದ ಅತಿ ಉದ್ದದ ಮಾತು ಅದು. ನನಗೆ ಜವಾಬ್ದಾರಿ ಬಂದಂತಾಯಿತು.

ಅವರ ಫೋನಿನಲ್ಲಿ ತಂಡದ ಫೋಟೋ ಇತ್ತು. ಎಲ್ಲರಿಗೂ ನೀಲಿ ಅಂಗಿ. ಟಿವಿಯಲ್ಲಿ ನೀಲಿಯವರು ಗೋಲು ಹೊಡೆದಾಗಲೆಲ್ಲ ನಾನು ಚಪ್ಪಾಳೆ ತಟ್ಟಿದೆ. ನೀಲಿಯವರು ಚೆನ್ನಾಗಿ ಆಡಿದರು. ಹದಿನೇಳು ಗೋಲು ಹೊಡೆದರು. ಹದಿನೇಳು ಸಲ ತಟ್ಟಿದೆ. ಹತ್ತನೆಯದಕ್ಕೆ ಎದ್ದೂ ನಿಂತೆ. ಪಕ್ಕದವರು ಸುಮ್ಮನೆ ಚಹಾ ಕುಡಿದರು.

ಅರ್ಧ ಆಟ ಮುಗಿದ ಮೇಲೆ ಅವರು ಚಹಾದ ಕಪ್ ಕೆಳಗಿಟ್ಟರು. “ಬೇರೆ ಊರಿಗೆ ಹೋದಾಗ ನಮ್ಮವರು ಬಿಳಿ ಅಂಗಿ ಹಾಕುತ್ತಾರೆ,” ಅಂದರು.

“ಮೊದಲೇ ಹೇಳಬಾರದಿತ್ತೇ?”

“ನೀವು ತುಂಬ ಸಂತೋಷವಾಗಿದ್ದಿರಿ.”

ಪಣ

ತಂಡ ಸಾಲಾಗಿ ನಾಲ್ಕು ಪಂದ್ಯ ಸೋತಿತು. ಅವರ ಟಿವಿ ರಿಪೇರಿಯಾಗಿತ್ತು. ಆದರೂ ನಮ್ಮಲ್ಲಿಗೇ ಬರುತ್ತಿದ್ದರು. ನಮ್ಮಲ್ಲಿ ಗೋಳಿಬಜೆ ಇರುತ್ತಿತ್ತು.

ನನ್ನ ಅಳಿಯ ಧಾರವಾಡದವನು. ಇಂಜಿನಿಯರು. ಎಲ್ಲದಕ್ಕೂ ಲೆಕ್ಕ ಹಾಕುವ ಮನುಷ್ಯ. ನಾಲ್ಕನೆಯ ಸೋಲಿನ ದಿನ ಟಿವಿಯ ಮುಂದೆ ನಿಂತು ಹೇಳಿದ, “ಮಾವಾರ, ಇದು ಬೀಳೂ ಟೀಮ್ ಐತಿ ಬಿಡ್ರಿ. ಸುಮ್ನ ಯಾಕ ಬಿ.ಪಿ. ಏರಿಸ್ಕೋತೀರಿ?”

“ಬೀಳುವುದಿಲ್ಲ.”

“ಬಿದ್ರ?”

“ಮೀಸೆ ಬೋಳಿಸುತ್ತೇನೆ.”

ಅಡುಗೆಮನೆಯಲ್ಲಿ ಸೌಟಿನ ಸದ್ದು ನಿಂತಿತು.

ಮೀಸೆಯ ವಿಷಯ ಹೇಳಬೇಕು. ನಾನು ಮೂವತ್ತು ವರ್ಷ ಅಬುಧಾಬಿಯ ಖಾಲಿದಿಯಾದಲ್ಲಿ ಎ.ಸಿ. ರಿಪೇರಿ ಮಾಡಿಸುವ ಫೋರ್‌ಮನ್ ಆಗಿದ್ದೆ. ಅಲ್ಲಿ ನನ್ನ ಹೆಸರು ಯಾರಿಗೂ ಗೊತ್ತಿರಲಿಲ್ಲ. ಅರಬರು ‘ಅಬು ಶನಬ್’ ಎಂದು ಕರೆಯುತ್ತಿದ್ದರು. ಮೀಸೆಯಪ್ಪ ಎಂದು ಅರ್ಥ. ಮೀಸೆ ಮೊದಲು ಬಾಗಿಲು ದಾಟುತ್ತಿತ್ತು. ಹಿಂದಿನಿಂದ ನಾನು ಹೋಗುತ್ತಿದ್ದೆ. ಮದುವೆಯ ಫೋಟೋದಲ್ಲಿ ಇದೆ. ಪಾಸ್‌ಪೋರ್ಟಿನಲ್ಲಿ ಇದೆ. ಮಗಳು ನನ್ನ ಮೇಲ್ದುಟಿ ನೋಡಿಲ್ಲ.

ಅಂಥದ್ದನ್ನು ಪಣಕ್ಕೆ ಇಟ್ಟೆ. ಯಾಕೆ ಎಂದು ಕೇಳಿದರೆ ಕಾರಣ ಇಲ್ಲ. ಪಕ್ಕದಲ್ಲಿ ಒಬ್ಬ ಅಜ್ಜ ತಲೆ ತಗ್ಗಿಸಿ ಕೂತಿದ್ದರು. ಯಾರಾದರೂ ಏನಾದರೂ ಹೇಳಬೇಕಿತ್ತು. ನನಗೆ ಇದೊಂದೇ ಮಾತು ಬಂತು.

ಅಳಿಯ ಅದನ್ನು ಇಂಗ್ಲಿಷಿಗೆ ಮಾಡಿ ಅವರಿಗೆ ಹೇಳಿದ. ಅವರು ನನ್ನ ಮೀಸೆಯನ್ನು ಬಹಳ ಹೊತ್ತು ನೋಡಿದರು.

“ಇನ್ನೂ ಹದಿನೆಂಟು ಪಂದ್ಯ ಇದೆ,” ಅಂದರು.

ಧೈರ್ಯ ಹೇಳಿದರೋ, ಆಯುಸ್ಸು ಹೇಳಿದರೋ ತಿಳಿಯಲಿಲ್ಲ.

ಬಾಲ್ಕನಿ

ಐದನೆಯ ಪಂದ್ಯ ಗೆದ್ದರು. ಗೆದ್ದದ್ದು ಹೇಗೆ ಎಂದು ನನ್ನ ಹೆಂಡತಿ ಕಂಡುಹಿಡಿದಳು.

“ಗೋಲು ಬೀಳುವಾಗ ನಾನು ಗೋಳಿಬಜೆ ಬಿಡ್ತಾ ಇದ್ದೆ. ನಿಮ್ಮ ಒಂದು ಕಾಲು ಟೀಪಾಯಿ ಮೇಲೆ ಇತ್ತು. ಅಜ್ಜ ಫೋನಲ್ಲಿ ಮಾತಾಡ್ಲಿಕ್ಕೆ ಬಾಲ್ಕನಿಗೆ ಹೋಗಿದ್ರು.”

“ಅದಕ್ಕೆ?”

“ಅದಕ್ಕೆ ಎಂತ ಅಂದ್ರೆ? ಅಂದ ಮೇಲೆ ಹಾಗೆಯೇ ಇರ್ಬೇಕು ಮಾರಾಯ್ರೆ.”

ಮುಂದಿನ ಪಂದ್ಯದಿಂದ ಹಾಗೆಯೇ ಇದ್ದೆವು. ಕೊನೆಯ ಐದು ನಿಮಿಷ ಬಂದರೆ ಅವಳು ಎಣ್ಣೆ ಕಾಯಿಸುವಳು. ನಾನು ಕಾಲು ಟೀಪಾಯಿಯ ಮೇಲಿಡುವೆ. ಎದುರುಮನೆಯವರಿಗೆ ಬಾಲ್ಕನಿಯ ಬಾಗಿಲು ತೆಗೆದು ‘ಪ್ಲೀಸ್’ ಅನ್ನುವೆ. ಅವರು ಎದ್ದು ಹೋಗುವರು. ಇಲ್ಲಿಯ ಅಕ್ಟೋಬರ್ ಎಂದರೆ ಒಲೆಯ ಬಾಯಿ. ಗಾಜಿನ ಆಚೆ ಅವರು ಕೆಂಪಾಗುತ್ತಾ ನಿಲ್ಲುವರು. ಒಳಗೆ ಅವರ ಮೊಮ್ಮಗಳು ಚೆಂಡು ತಡೆಯುವಳು. ನಾವು ನೋಡುವೆವು. ಆಟ ಮುಗಿದ ಮೇಲೆ ಬಾಗಿಲು ತೆಗೆದು ನೀರು ಕೊಡುವೆವು.

ನವೆಂಬರಿನಲ್ಲಿ ಒಂದು ದಿನ ಅವರು ಬಹಳ ಸಂಕೋಚದಿಂದ ಕೇಳಿದರು. “ತಪ್ಪು ತಿಳಿಯಬೇಡಿ. ನಿಮ್ಮಲ್ಲಿ ಅತಿಥಿಯನ್ನು ಎಷ್ಟು ತಿಂಗಳು ಹೊರಗೆ ನಿಲ್ಲಿಸುತ್ತಾರೆ?”

ಅದು ನಮ್ಮ ದೇಶದ ಪದ್ಧತಿ ಎಂದು ಅಷ್ಟು ದಿನ ಸಹಿಸಿಕೊಂಡಿದ್ದರು.

ನನ್ನ ಹೆಂಡತಿ ಅವಳ ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದಳು. ಗೋಳಿಬಜೆ, ಕಾಲು, ಬಾಲ್ಕನಿ. ಅವರು ಯೋಚಿಸಿದರು. ಸೇತುವೆ ಕಟ್ಟುವ ಕಂಪನಿಯಲ್ಲಿ ನಲವತ್ತು ವರ್ಷ ಇದ್ದವರು.

“ಕೆಲಸ ಮಾಡುತ್ತದೆಯೇ?”

“ನಾಲ್ಕರಲ್ಲಿ ಮೂರು ಸಲ,” ಅಂದೆ.

ಅವರು ಎದ್ದರು. ಬಾಲ್ಕನಿಗೆ ಹೋದರು. ಬಾಗಿಲನ್ನು ಒಳಗಿನಿಂದ ನಾನು ಹಾಕುವ ಮೊದಲೇ ಹೊರಗಿನಿಂದ ಅವರೇ ಎಳೆದುಕೊಂಡರು.

ಗಡಿಯಾರ

ಅಕ್ಟೋಬರಿನ ಕೊನೆಯ ಭಾನುವಾರದ ಕಥೆಯನ್ನು ಹೇಳದೆ ಬಿಟ್ಟೆ. ಬಿಡುವುದೇ ಒಳ್ಳೆಯದಿತ್ತು. ಹೇಳಿಬಿಡುತ್ತೇನೆ.

ಆರು ಗಂಟೆಗೆ ಪಂದ್ಯ. ಐದೂ ಮುಕ್ಕಾಲಿಗೆ ಕೂತೆ. ಬಜೆ ಬಂತು. ಆರಾಯಿತು. ಪಂದ್ಯ ಬರಲಿಲ್ಲ. ಎದುರುಮನೆಯವರೂ ಬರಲಿಲ್ಲ. ಆರೂಕಾಲಾಯಿತು. ಪಂದ್ಯ ತೋರಿಸುವ ಕಂಪನಿಗೆ ಫೋನು ಹಚ್ಚಿದೆ. ಸೀಸನ್ನು ಪೂರ್ತಿಗೆ ಸೇರಿದ್ದೇವೆ, ಆಟ ಎಲ್ಲಿ ಎಂದು ಗದರಿದೆ. ಆ ಕಡೆ ಒಬ್ಬಳು ಹುಡುಗಿ.

“ಸರ್, ಪಂದ್ಯ ಶುರುವಾಗಿಲ್ಲ. ಇಲ್ಲಿ ಇವತ್ತು ಗಡಿಯಾರ ಒಂದು ಗಂಟೆ ಹಿಂದೆ ಹೋಗಿದೆ.”

“ಯಾರನ್ನು ಕೇಳಿ ಹಿಂದೆ ಹಾಕಿದಿರಿ?”

“ನಾನು ಹಾಕಿದ್ದಲ್ಲ ಸರ್. ಇಡೀ ದೇಶ ಹಾಕಿದೆ. ಪ್ರತಿ ವರ್ಷ ಹಾಕುತ್ತದೆ.”

ಫೋನಿಟ್ಟೆ. ಹೆಂಡತಿ ತಣ್ಣಗಾದ ಬಜೆಯನ್ನು ನೋಡಿದಳು. ನಂತರ ಗೋಡೆ ನೋಡಿದಳು.

“ಒಂದು ದೇಶ ಒಂದೇ ರಾತ್ರಿಯಲ್ಲಿ ಎಲ್ಲ ಗಡಿಯಾರ ತಿರುಗಿಸ್ತದಂತೆ. ಈ ಒಂದು ಗಡಿಯಾರಕ್ಕೆ ಸೆಲ್ ಹಾಕ್ಲಿಕ್ಕೆ ನಿಮಗೆ ಎರಡು ತಿಂಗಳು ಆಯ್ತು.”

ಅಂಟು

ಕ್ರಿಸ್‌ಮಸ್ ರಜೆಗೆ ಮೊಮ್ಮಗಳು ಬಂದಳು. ಐದು ದಿನ. ನಮ್ಮ ಮನೆಯ ಬಾಗಿಲಲ್ಲಿ ತಲೆ ತಗ್ಗಿಸಿ ಒಳಗೆ ಬಂದಳು. ಕೈಗಳು ನಮ್ಮ ದೋಸೆ ಕಾವಲಿಯಷ್ಟು ಅಗಲ. ನನ್ನ ಹೆಂಡತಿ ಕುಂಕುಮ ಇಡಲು ಸ್ಟೂಲು ಹತ್ತಿದಳು.

ಅವಳ ಮೊಣಕೈ ಮೇಲೆ, ತೊಡೆಯ ಮೇಲೆ ನೀಲಿ ಗುರುತುಗಳಿದ್ದವು. “ಯಾರು ಹೊಡೆದದ್ದು?” ಎಂದು ಹೆಂಡತಿ ಕೇಳಿದಳು. “ಚೆಂಡು,” ಅಂದಳು ಹುಡುಗಿ. “ಅದೇ ನನ್ನ ಕೆಲಸ.” ಹೆಂಡತಿ ಒಳಗೆ ಹೋಗಿ ದೇವರ ಮುಂದೆ ಸ್ವಲ್ಪ ಹೊತ್ತು ನಿಂತು ಬಂದಳು. ಏನೆಂದು ನಾನು ಕೇಳಲಿಲ್ಲ. ಕೇಳಬೇಕಿತ್ತು.

ಹುಡುಗಿ ಆಡಿದ ಚೆಂಡೊಂದನ್ನು ಅಜ್ಜನಿಗೆಂದು ತಂದಿದ್ದಳು. ಕಟ್ಟಡದ ಹಿಂದಿನ ಅಂಗಳಕ್ಕೆ ಎಲ್ಲರೂ ಹೋದೆವು. ನಾನು ಸುಮ್ಮನಿರಬಹುದಿತ್ತು.

“ನಾನೂ ಆಡಿದವನೇ,” ಅಂದೆ. “ಕಬಡ್ಡಿ. ಒಂದು ಎಸೆ. ಹಿಡಿಯುತ್ತೇನೆ.”

“ಬೇಡ,” ಅಂದಳು.

“ಎಸೆ.”

ಅಜ್ಜ ಅವಳಿಗೆ ಅವರ ಭಾಷೆಯಲ್ಲಿ ಏನೋ ಹೇಳಿದರು. ಮೆಲ್ಲಗೆ ಎಂದಿರಬೇಕು. ಅವಳು ಮೆಲ್ಲಗೆ ಎಸೆದಳು. ನನಗೆ ಚೆಂಡು ಕಾಣಲಿಲ್ಲ. ಫಟ್ ಎಂದು ಸದ್ದಾಯಿತು. ನೋಡಿದರೆ ಚೆಂಡು ನನ್ನ ಎರಡು ಕೈಗಳ ನಡುವೆ ಇದೆ.

ಎಲ್ಲರೂ ಚಪ್ಪಾಳೆ ತಟ್ಟಿದರು. ವಾಚ್‌ಮನ್ ಕೂಡ ತಟ್ಟಿದ. ನಾನು ಮೀಸೆ ತಿರುವಲು ಹೋದೆ. ಕೈ ಬರಲಿಲ್ಲ. ಆ ಆಟದಲ್ಲಿ ಚೆಂಡು ಜಾರಬಾರದೆಂದು ಬೆರಳಿಗೆ ಒಂದು ಅಂಟು ಹಚ್ಚುತ್ತಾರೆ. ಚೆಂಡಿನ ತುಂಬ ಅದೇ ಇತ್ತು. ಎಳೆದೆ. ಒಂದು ಕೈ ಬಂತು. ಅದು ಮೀಸೆಗೆ ಹೋಯಿತು. ಅಲ್ಲಿ ನಿಂತಿತು.

ಹೀಗೆ ಲಿಫ್ಟಿನಲ್ಲಿ ಮೇಲೆ ಬಂದೆ. ಒಂದು ಕೈಯಲ್ಲಿ ಚೆಂಡು, ಒಂದು ಕೈಯಲ್ಲಿ ಮೀಸೆ.

ನನ್ನ ಹೆಂಡತಿ ಕರಾವಳಿಯವಳು. ವಾಸನೆ ನೋಡಿದಳು. “ಹಲಸಿನ ಮೇಣದ ತಮ್ಮ ಇದು,” ಅಂದು ತೆಂಗಿನೆಣ್ಣೆ ತಂದು ಉಜ್ಜಿದಳು. ಎರಡು ನಿಮಿಷದಲ್ಲಿ ಬಿಟ್ಟಿತು. ಸ್ವೀಡನ್ನಿನ ಹುಡುಗಿ ಬೆರಗಾದಳು. ನಾವೂ ಎಣ್ಣೆಯನ್ನೇ ಹಚ್ಚುತ್ತೇವೆ, ಇದು ನಿಮಗೆ ಹೇಗೆ ಗೊತ್ತು ಎಂದಳು.

“ಚೆಂಡು ಚೆನ್ನಾಗಿ ಹಿಡಿದೆ ಅಲ್ಲವೇ?” ಎಂದು ನಾನು ಕೇಳಿದೆ.

“ಹಿಡಿದದ್ದು ನೀವಲ್ಲ,” ಅಂದಳು ಹೆಂಡತಿ. “ಮೇಣ.”

ಗೋತ್ರ

ಫೆಬ್ರವರಿಯಲ್ಲಿ ತಂಡ ಕೊನೆಯ ಸ್ಥಾನಕ್ಕೆ ಬಂತು. ಬಾಲ್ಕನಿಯಲ್ಲಿ ಚಳಿ ಬಿದ್ದದ್ದರಿಂದ ಶಕ್ತಿ ಕಡಿಮೆಯಾಗಿದೆ ಎಂದು ಹೆಂಡತಿ ಹೇಳಿದಳು. ಮನೆಯಲ್ಲೇ ಗಣಪತಿ ಪೂಜೆ ಎಂದು ತೀರ್ಮಾನವಾಯಿತು. ಹೋಮ ಇಲ್ಲ. ಹೊಗೆಯ ಅಲಾರಂ ಇದೆ.

ಭಟ್ಟರು ಉಡುಪಿ ಕಡೆಯವರು. ವಾರವೆಲ್ಲ ನೈಫ್ ಬಡಾವಣೆಯ ಕಾರ್ಗೋ ಆಫೀಸಿನಲ್ಲಿ ಕೆಲಸ. ರಜೆಯ ದಿನ ಪೂಜೆ. ಎದುರುಮನೆಯವರು ಮೊಣಕಾಲು ಮಡಚಲಾರದೆ ಮಡಚಿ ಕೂತರು. ಸಂಕಲ್ಪ ಶುರುವಾಯಿತು.

“ಯಾರ ಹೆಸರಲ್ಲಿ?” ಎಂದರು ಭಟ್ಟರು.

ಹುಡುಗಿಯ ಹೆಸರು ಹೇಳಿದೆವು. ಭಟ್ಟರು ಮೂರು ಸಲ ಪ್ರಯತ್ನಿಸಿದರು. ನಾಲ್ಕನೆಯ ಸಲ ಮಂತ್ರದ ವೇಗದಲ್ಲಿ ದಾಟಿಸಿಬಿಟ್ಟರು.

“ಗೋತ್ರ?”

ನಾನು ಪಕ್ಕಕ್ಕೆ ತಿರುಗಿ, ನಿಮ್ಮ ವಂಶಕ್ಕೆ ಮೂಲದವರು ಯಾವ ಋಷಿ ಎಂದು ಕೇಳುತ್ತಿದ್ದಾರೆ ಅಂದೆ.

ಅವರು ಪ್ರಾಮಾಣಿಕವಾಗಿ ಯೋಚಿಸಿದರು. “ನನ್ನ ಮುತ್ತಜ್ಜ ಮೀನು ಹಿಡಿಯುತ್ತಿದ್ದ,” ಅಂದರು. “ಅದಕ್ಕಿಂತ ಹಿಂದಿನದು ಗೊತ್ತಿಲ್ಲ.”

“ತೊಂದರೆ ಇಲ್ಲ,” ಅಂದರು ಭಟ್ಟರು. “ಗೋತ್ರ ಗೊತ್ತಿಲ್ಲದವರಿಗೆ ಕಾಶ್ಯಪ ಗೋತ್ರ ಹೇಳುವ ಕ್ರಮ ಉಂಟು. ಇಡೀ ತಂಡಕ್ಕೇ ಹೇಳುವ. ಒಟ್ಟಿಗೆ ಆಗ್ತದೆ.”

ಹೀಗೆ ಬದಲಿ ಆಟಗಾರ್ತಿಯರೂ ಸೇರಿ ಸ್ವೀಡನ್ನಿನ ಹದಿನಾರು ಹುಡುಗಿಯರು ಕಾಶ್ಯಪ ಗೋತ್ರದವರಾದರು. ಮಂಗಳಾರತಿಯಾಯಿತು. ಪಂಚಕಜ್ಜಾಯ ತಿಂದೆವು. ಟಿವಿ ಹಾಕಿದೆವು.

ಒಂಬತ್ತು ಗೋಲಿನಿಂದ ಸೋತರು. ಆ ಸೀಸನ್ನಿನಲ್ಲೇ ದೊಡ್ಡ ಸೋಲು.

ಭಟ್ಟರಿಗೆ ಫೋನು ಮಾಡಿದೆ. “ಇದೇನು ಭಟ್ಟರೇ?” ಅಂದೆ.

ಭಟ್ಟರು ಹೇಳಿದರು. “ಎದುರಿನ ತಂಡದವರಿಗೂ ಗೋತ್ರ ಗೊತ್ತಿರ್ಲಿಕ್ಕಿಲ್ಲ ಅಲ್ವಾ? ಹಾಗಾದ್ರೆ ಅವರೂ ಕಾಶ್ಯಪರೇ ಆದ್ರು. ದೇವರು ಯಾರಿಗೆ ಅಂತ ಕೊಡುದು?”

ಮೀಸೆ

ಏಪ್ರಿಲಿನಲ್ಲಿ ಕೊನೆಯ ಪಂದ್ಯ. ಸೋತರೆ ಬೀಳುತ್ತದೆ. ಸಮವಾದರೂ ಸಾಕು, ಉಳಿಯುತ್ತದೆ.

ಎದುರುಮನೆಯವರು ಇದೊಂದನ್ನು ಕಣ್ಣಾರೆ ನೋಡಬೇಕೆಂದು ವಿಮಾನ ಹತ್ತಿ ಸ್ವೀಡನ್ನಿಗೆ ಹೋದರು. ಹೋಗುವಾಗ ನನ್ನ ನಂಬರ್ ಕೇಳಿದರು. ಕೊಟ್ಟೆ. ನಾನು ಅವರದನ್ನು ‘ಎದುರುಮನೆ’ ಎಂದು ಬರೆದುಕೊಂಡೆ. ಎರಡು ವರ್ಷ ಕಳೆದಿತ್ತು. ಈಗ ಹೆಸರು ಕೇಳುವುದು ಚೆನ್ನಾಗಿರುವುದಿಲ್ಲ.

ಪಂದ್ಯದ ದಿನ ಬೆಳಿಗ್ಗೆ ಕನ್ನಡಿಯ ಮುಂದೆ ಮೀಸೆ ಬಾಚಿದೆ. “ಇವತ್ತು ಉಳಿದರೆ ಇದೂ ಉಳಿಯಿತು,” ಅಂದೆ.

ಹೆಂಡತಿ ಮಾತಾಡಲಿಲ್ಲ. ಅವಳು ಮಾತಾಡದಿದ್ದರೆ ನನಗೆ ಭಯ.

“ಏನು?”

“ನಾನೊಂದು ಹರಕೆ ಹೊತ್ತಿದ್ದೇನೆ.”

“ಏನು ಹರಕೆ?”

“ಆ ಮಗು ಬಂದಿತ್ತಲ್ಲ, ಆ ದಿನ. ಮೈಯೆಲ್ಲ ನೀಲಿಗಟ್ಟಿತ್ತು. ಅವಳ ತಂಡ ಉಳಿದ್ರೆ ನಿಮ್ಮ ಮೀಸೆ ಒಪ್ಪಿಸ್ತೇನೆ ಅಂತ.”

“ನಿನ್ನ ಕೂದಲು ಹೇಳಬೇಕಿತ್ತು.”

“ದೇವರಿಗೆ ಪ್ರೀತಿಯ ವಸ್ತು ಕೊಡ್ಬೇಕು ಮಾರಾಯ್ರೆ.”

“ಅದು ನನಗೆ ಪ್ರೀತಿ. ನಿನಗಲ್ಲ.”

“ಅದಕ್ಕೇ.”

ಅಳಿಯ ಎಲ್ಲವನ್ನೂ ಕೇಳಿಸಿಕೊಂಡ. ಲೆಕ್ಕ ಹಾಕಿದ. “ಮಾವಾರ, ಸೋತ್ರ ನಿಮ್ಮ ಪಣದಾಗ ಹೋತು. ಉಳದ್ರ ಅತ್ತೀಯವ್ರ ಹರಕ್ಯಾಗ ಹೋತು. ನಿಮಗಿನ್ನ ಏನ್ ಚಿಂತಿಲ್ಲ. ಆರಾಮ ಕುಂತು ನೋಡ್ರಿ.”

ಹಾಗೆಯೇ ನೋಡಿದೆ. ಜೀವನದಲ್ಲಿ ಮೊದಲ ಬಾರಿಗೆ ಸ್ವಾರ್ಥವಿಲ್ಲದೆ ಒಂದು ಕೆಲಸ ಮಾಡಿದೆ.

ಕೊನೆಯ ಐದು ನಿಮಿಷ. ನಮ್ಮವರು ಎರಡು ಗೋಲು ಹಿಂದೆ. ಎಣ್ಣೆ ಕಾದಿತ್ತು. ನನ್ನ ಕಾಲು ಟೀಪಾಯಿಯ ಮೇಲಿತ್ತು. ಬಾಲ್ಕನಿ ಖಾಲಿ. ಟಿವಿಯಲ್ಲಿ ಮೂರನೆಯ ಸಾಲಿನಲ್ಲಿ ಬಿಳಿ ತಲೆಯೊಂದು ಕಾಣುತ್ತಿತ್ತು.

“ಅಜ್ಜ ಒಳಗೆ ಕೂತಿದ್ದಾರಲ್ಲ!” ಅಂದಳು ಹೆಂಡತಿ. “ಹೊರಗೆ ಹೋಗ್ಲಿಕ್ಕೆ ಹೇಳಿ.”

“ಅಷ್ಟು ದೂರ ಹೋದದ್ದು ನೋಡಲಿಕ್ಕೆ.”

“ಮಗುವಿನ ಕೆಲಸ ಉಳಿಯುದು ಬೇಡ್ವಾ?”

ಫೋನು ತೆಗೆದೆ. ಒಂದೇ ಪದ ಬರೆದೆ. ‘ಬಾಲ್ಕನಿ.’

ಬಿಳಿ ತಲೆ ಕೆಳಗೆ ಬಾಗಿತು. ಫೋನು ನೋಡಿತು. ಎದ್ದಿತು. ಸಾಲಿನವರ ಮೊಣಕಾಲುಗಳನ್ನು ದಾಟಿ, ಎಲ್ಲರ ಕ್ಷಮೆ ಕೇಳುತ್ತಾ, ಬಾಗಿಲಿನ ಕಡೆಗೆ ಹೋಯಿತು.

ನಮ್ಮವರು ಒಂದು ಗೋಲು ಹೊಡೆದರು. ಇನ್ನೊಂದು ಹೊಡೆದರು. ಸಮವಾಯಿತು. ಸಮಯ ಮುಗಿಯುವ ಕ್ಷಣಕ್ಕೆ ನಮ್ಮವಳೊಬ್ಬಳು ಎದುರಿನವಳನ್ನು ಎಳೆದಳು. ಪೆನಾಲ್ಟಿ ಕೊಟ್ಟರು. ಏಳು ಮೀಟರ್ ದೂರದಿಂದ ಒಂದು ಎಸೆತ. ಒಳಗೆ ಹೋದರೆ ಎಲ್ಲ ಮುಗಿಯಿತು. ಗೋಲಿನಲ್ಲಿ ಹುಡುಗಿ ಒಬ್ಬಳೇ.

ಎಸೆದರು. ಹುಡುಗಿ ಎಡಗಾಲು ತನ್ನ ತಲೆಯವರೆಗೆ ಎತ್ತಿದಳು. ಚೆಂಡು ಪಾದಕ್ಕೆ ಬಡಿದು ಮೇಲಕ್ಕೆ ಹಾರಿತು. ಒಳಗೆ ಹೋಗಲಿಲ್ಲ.

ಹೆಂಡತಿ ಅತ್ತಳು. ಅಳಿಯ ಕುಣಿದ. ನನ್ನ ಫೋನು ಸದ್ದು ಮಾಡಿತು. ‘ಎದುರುಮನೆ’ ಎಂದು ಬಂತು. ‘ಪಾರ್ಕಿಂಗಿನಲ್ಲಿದ್ದೇನೆ. ಮಳೆ. ಒಳಗೆ ಕೂಗುತ್ತಿದ್ದಾರೆ. ಏನಾಯಿತು?’

ಕ್ರೀಡಾಂಗಣದ ಹೊರಗೆ ನಿಂತವರಿಗೆ ದುಬೈಯಿಂದ ನಾನು ತಿಳಿಸಿದೆ. ‘ತಡೆದಳು.’

ಮರುದಿನ ಅಬುಧಾಬಿಯ ಖಾಲಿದಿಯಾಕ್ಕೆ ಹೋದೆ. ಮೂವತ್ತು ವರ್ಷ ಈ ಮೀಸೆ ಕತ್ತರಿಸಿದ ಮಲಯಾಳಿ ಅಲ್ಲಿದ್ದಾನೆ. ಬೇರೆಯವರ ಕೈಯಲ್ಲಿ ಹೋಗುವುದು ಸರಿಯಲ್ಲ. ಅವನು ಕತ್ತಿ ಹಿಡಿದು ಕೇಳಿದ, “ಪೂರಾ? ಖಲಾಸ್?” ಪೂರಾ ಅಂದೆ. ನಂಬಲಿಲ್ಲ. ಕತ್ತಿ ಕೆಳಗಿಟ್ಟು ನನ್ನ ಹೆಂಡತಿಗೆ ಫೋನು ಮಾಡಿಸಿದ. ಅವಳು ಒಪ್ಪಿಗೆ ಕೊಟ್ಟ ಮೇಲೆ ಕೆಲಸ ಮುಗಿಸಿದ. ಕೂದಲನ್ನು ಕಾಗದದಲ್ಲಿ ಕಟ್ಟಿಕೊಟ್ಟ. ಹೆಂಡತಿ ಅದನ್ನು ಹಳದಿ ಬಟ್ಟೆಯಲ್ಲಿ ಮುಡಿಪು ಕಟ್ಟಿ ದೇವರ ಮುಂದಿಟ್ಟಿದ್ದಾಳೆ. ಊರಿಗೆ ಹೋಗುವಾಗ ನಾನೂ ಅದೂ ಒಂದೇ ವಿಮಾನದಲ್ಲಿ ಹೋಗಬೇಕು.

ನಾಲ್ಕು ದಿನ ಬಿಟ್ಟು ಎದುರುಮನೆಯವರು ಬಂದರು. ಕರೆತರಲು ಏರ್‌ಪೋರ್ಟಿಗೆ ಹೋದೆ. ಹರಕೆಯ ವಿಷಯ ಅವರಿಗೆ ತಿಳಿಸಿರಲಿಲ್ಲ. ಅವರು ಹೊರಗೆ ಬಂದರು. ಕೈ ಎತ್ತಿದೆ. ಅವರು ನನ್ನನ್ನು ನೋಡಿ, ಯಾರೋ ಎಂಬಂತೆ ತಲೆಯಾಡಿಸಿ, ದಾಟಿ ಹೋದರು. ಕೂಗಬೇಕೆಂದುಕೊಂಡೆ. ಏನೆಂದು ಕೂಗುವುದು? ಅವರು ಟ್ಯಾಕ್ಸಿ ಹತ್ತಿದರು. ನಾನು ಅದರ ಹಿಂದಿನ ಟ್ಯಾಕ್ಸಿ ಹತ್ತಿದೆ.

ಲಿಫ್ಟಿನಲ್ಲಿ ಒಟ್ಟಾದೆವು. ಪರಿಚಯವಿಲ್ಲದವನ ಜೊತೆ ಮಾತಾಡುವಂತೆ ಅವರು ‘ಹಾಟ್’ ಅಂದರು.

‘ಯೆಸ್’ ಅಂದೆ.

ಅವರು ತಟ್ಟನೆ ತಿರುಗಿದರು. ನನ್ನ ಮೇಲ್ದುಟಿಯನ್ನು ನೋಡಿದರು. ಮುಖ ಬಿಳಿಚಿತು.

“ತಂಡ ಉಳಿಯಿತಲ್ಲ?” ಅಂದರು.

“ಉಳಿಯಿತು,” ಅಂದೆ.

ನಮ್ಮ ಮಹಡಿ ಬಂತು.